ಮೊದಲ ಗಿರಾಕಿ ಎಲ್ಲಿದ್ದಾನೆ?
(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಪಾಠ)



ಕಂಪನಿ ಕಟ್ಟಬೇಕೆನ್ನುವ ಹುಡುಗರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಸರ್, ಬಂಡವಾಳ ಎಲ್ಲಿ ಸಿಗುತ್ತದೆ?" ಮೊದಲ ಗಿರಾಕಿ ಎಲ್ಲಿ ಸಿಗುತ್ತಾನೆ ಎಂದು ಕೇಳಿದವರನ್ನು ನಾನು ಕಂಡದ್ದು ಕಡಿಮೆ.

ಇನ್ಫೋಸಿಸ್ 1981ರಲ್ಲಿ ಹುಟ್ಟಿದ್ದು ಪುಣೆಯಲ್ಲಿ. 1983ರಲ್ಲಿ ಬೆಂಗಳೂರಿಗೆ ಬಂತು. ತಂಪು ಹವೆಗೆ ಮರುಳಾಗಿ ಬಂದದ್ದಲ್ಲ. ದೇಶದೊಳಗಿನ ಅದರ ಮೊದಲ ಗಿರಾಕಿಯಾದ ಮೈಕೋ ಇಲ್ಲಿತ್ತು. ಮೈಕೋ ಕೂಡ ಒಂಟಿಯಾಗಿರಲಿಲ್ಲ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, ಆಮೇಲೆ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದಿದ್ದವು. ಅವುಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಶೆಡ್ಡುಗಳು ರಾಜಾಜಿನಗರ, ಪೀಣ್ಯಗಳಲ್ಲಿ ಬೆಳೆದವು. ಲೇತ್ ಮೇಲೆ ಕೈ ಪಳಗಿದವರು, ನಿವೃತ್ತ ಎಂಜಿನಿಯರುಗಳು, ಸರಕು ಉದ್ರಿ ಕೊಡುವ ಅಂಗಡಿಯವರು ಒಂದೇ ಊರಿನಲ್ಲಿದ್ದರು. ಸಾಫ್ಟ್‌ವೇರ್ ಬರಿಯ ನೆಲದಲ್ಲಿ ಮೊಳೆಯಲಿಲ್ಲ.

ಆದರೆ ಕಾರ್ಖಾನೆಗಳು ಹತ್ತಿರವಿದ್ದರಷ್ಟೇ ಸಾಲದು. ಅಮೆರಿಕದ ಸಂಶೋಧಕಿ ಆನಾಲೀ ಸ್ಯಾಕ್ಸೇನಿಯನ್ 1994ರ ತಮ್ಮ ಪುಸ್ತಕದಲ್ಲಿ ಬಾಸ್ಟನ್ ಸುತ್ತಿನ ಕಂಪನಿಗಳನ್ನೂ ಸಿಲಿಕಾನ್ ಕಣಿವೆಯನ್ನೂ ಹೋಲಿಸಿದ್ದಾರೆ. ಬಾಸ್ಟನ್ ಕಡೆಯವರು ಎಲ್ಲವನ್ನೂ ಸ್ವಂತ ಗೋಡೆಯೊಳಗೇ ಮಾಡಿ, ಗುಟ್ಟು ಕಾದುಕೊಂಡರು. ಕಣಿವೆಯಲ್ಲಿ 1957ರಲ್ಲಿ ಎಂಟು ಮಂದಿ ಶಾಕ್ಲೆಯನ್ನು ಬಿಟ್ಟು ಫೇರ್‌ಚೈಲ್ಡ್ ಕಟ್ಟಿದರು. ಅವರಲ್ಲಿಬ್ಬರು 1968ರಲ್ಲಿ ಇಂಟೆಲ್ ಆರಂಭಿಸಿದರು. ಬಿಟ್ಟುಹೋದವನನ್ನು ಅಲ್ಲಿ ದ್ರೋಹಿಯೆಂದು ದೂರವಿಡಲಿಲ್ಲ. ನಾಳೆ ಅವನೇ ಗಿರಾಕಿಯಾಗಬಹುದಲ್ಲ! ಬಾಸ್ಟನ್ ಕಡೆಯ ವಾಂಗ್ 1992ರಲ್ಲಿ ದಿವಾಳಿ ಅರ್ಜಿ ಹಾಕಿತು. ಡಿಜಿಟಲ್ ಕಂಪನಿ 1998ರಲ್ಲಿ ಕಾಂಪ್ಯಾಕ್ ಪಾಲಾಯಿತು.

ಈಗ ನಮ್ಮ ಮನೆಯ ಮಾತು. ನಮ್ಮವರಿಗೆ ವ್ಯಾಪಾರದ ಜಾಲ ಹೊಸದಲ್ಲ. ಶಿಡ್ಲಘಟ್ಟ, ರಾಮನಗರದ ರೇಷ್ಮೆ ರೀಲರುಗಳನ್ನು ನೋಡಿ. ಬಾಯಿಮಾತಿನ ಮೇಲೆ ಎಷ್ಟು ವ್ಯವಹಾರ! ಆದರೆ ಆ ನಂಬಿಕೆ ಅಣ್ಣತಮ್ಮ, ಭಾವಮೈದುನರ ಆಚೆಗೆ ಸುಲಭವಾಗಿ ದಾಟುವುದಿಲ್ಲ. ಮಾರುಕಟ್ಟೆಯಲ್ಲಿ ಲೆಕ್ಕ ಇಡಲು, ತೂಕ ದಾಖಲಿಸಲು ಏನು ತೊಡಕಿದೆಯೆಂದು ರೀಲರನಿಗೆ ಗೊತ್ತು. ಅದನ್ನು ಬಿಡಿಸಬಲ್ಲ ಹುಡುಗಿ ನಮ್ಮ ಹಾಸ್ಟೆಲಿನಲ್ಲೇ ಓದುತ್ತಿರಬಹುದು. ಇಬ್ಬರೂ ಭೇಟಿಯಾಗುವುದೇ ಇಲ್ಲ. ಅವಳ ಸಹಪಾಠಿಗಳೋ ಕೊನೆಯ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ, ನಗಬೇಡಿ, ನನಗೆ ಗೊತ್ತು.

ಹಿರಿಯರಲ್ಲಿ ನನ್ನ ಕೋರಿಕೆ: ವಿದ್ಯಾರ್ಥಿವೇತನದ ಚೆಕ್ ಕೊಡುವ ದಿನವೇ ನಿಮ್ಮ ಅಂಗಡಿ, ಶೆಡ್ಡಿನ ಒಂದು ತೊಂದರೆಯನ್ನೂ ಬರೆದು ತನ್ನಿ. ಅದನ್ನು ಯಾರ ಮಗ, ಯಾರ ಮಗಳು ಎಂದು ಕೇಳದೆ ಹಂಚೋಣ. ಮೊದಲ ಚೀಟಿ ನಾನೇ ಬರೆದು ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇನೆ.