ಬಾಡಿಗೆಯ ಮಾಳಿಗೆ

ಭಾರತ ಹುಣ್ಣಿಮೆಯ ಜಾತ್ರೆಗೆ, ಕಾರಣಿಕ ಕೇಳಲು, ಲಕ್ಷಾಂತರ ಜನ ನೆರೆಯುವ ಮೈಲಾರದಲ್ಲಿ ಹಳೆಯ ಮನೆ ಕೊಂಡು ಬಾಡಿಗೆಗೆ ಕೊಡುವ ಆಸೆ ಸಹಜವಾದುದು. ಆದರೆ ಜಾತ್ರೆ ಕೆಲವು ದಿನಗಳದು. ಮಾಳಿಗೆಯ ಚಿಂತೆ ವರ್ಷವಿಡೀ.

ಮಣ್ಣಿನ ಮಾಳಿಗೆಗೆ ಮುಂಗಾರಿಗೆ ಮುನ್ನ ಮಣ್ಣು ಹಾಸಿ ಬಡಿಯಬೇಕು. ಹಳೆಯದನ್ನು ತೆಗೆಯದೆ ವರ್ಷವರ್ಷವೂ ಹೇರಿದರೆ ಆ ಮಣ್ಣೇ ಹೊರೆಯಾಗಿ ತೊಲೆ ಬಾಗುತ್ತದೆ. ಗೋಡೆಯ ಹೊಸ ಸುಣ್ಣ ಇದನ್ನು ಹೇಳುವುದಿಲ್ಲ. ಸಲಹೆ ಕೇಳಿದವರಿಗೆ ನಾನು ಹೇಳುವುದಿಷ್ಟೆ: ಮೊದಲು ಬಡಗಿಯಿಂದ ತೊಲೆ, ಜಂತೆಗಳನ್ನು ತಟ್ಟಿಸಿ ನೋಡಿ. ತಿಂಗಳ ಬಾಡಿಗೆ 2,000 ರೂಪಾಯಿಯಾದರೆ ವರ್ಷಕ್ಕೆ 24,000 ಎಂದೆಣಿಸದೆ, ಖಾಲಿ ಬಿದ್ದ ತಿಂಗಳನ್ನೂ ಮಣ್ಣು, ಕೂಲಿಗಳನ್ನೂ ಕಳೆಯಿರಿ.

ದುರಸ್ತಿಯ ಹೊಣೆ ಹೊತ್ತ ಮಾಲೀಕನು ಅಲಕ್ಷಿಸಿದರೆ, ಬಾಡಿಗೆದಾರನು ಮುಂಚೆ ತಿಳಿಸಿ, ತಾನೇ ಮಾಡಿಸಿ, ವೆಚ್ಚವನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಲು 1882ರ ಸ್ವತ್ತು ವರ್ಗಾವಣೆ ಅಧಿನಿಯಮ ಅವಕಾಶವಿತ್ತಿದೆ. ಮಾಳಿಗೆಯೆಂಬುದು ಕೊಂಡವನಿಗೆ ಹಣದ ಲೆಕ್ಕ. ಅದರಡಿ ಮಲಗುವವನಿಗೆ ಪ್ರಾಣದ ಲೆಕ್ಕ.