ಸಣ್ಣ ಉದ್ಯಮಿಯ ಮನೋಧರ್ಮ
(ಮಹೋತ್ಸವ ಸಭೆಯ ಉಪನ್ಯಾಸ)



ಕಾಯಕವೆಂಬುದು ಹೊಟ್ಟೆಯ ಪಾಡು ಮಾತ್ರವಲ್ಲ, ಅದು ಶಿವಪೂಜೆಯೇ ಸರಿ ಎಂದು ಹನ್ನೆರಡನೆಯ ಶತಮಾನದ ಶರಣರು ಬಾಳಿ ತೋರಿದುದು ಎಲ್ಲರಿಗೂ ವಿದಿತವಾದ ವಿಷಯವು. ಆ ಕಾಯಕವನ್ನು ಸ್ವಂತ ಬಂಡವಾಳವಿಟ್ಟು, ನಾಲ್ಕಾರು ಮಂದಿಗೆ ಕೂಲಿಯಿತ್ತು ನಡೆಯಿಸುವವನ ಮನಸ್ಸು ಎಂತಿರಬೇಕೆಂಬುದು ಈ ದಿನ ವಿಚಾರಿಸತಕ್ಕ ಸಂಗತಿಯಾಗಿದೆ.

ಬೆಂಗಳೂರಿನ ವಾಯವ್ಯಕ್ಕೆ, ತುಮಕೂರಿನ ಹೆದ್ದಾರಿಯ ಮಗ್ಗುಲಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶವು ಹಬ್ಬಿಕೊಂಡಿರುವುದು. ಅದರ ನೆರೆಯ ಜಾಲಹಳ್ಳಿಯಲ್ಲಿ 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಗಳು ಸ್ಥಾಪಿತವಾದುವು. ಇಂಥ ದೊಡ್ಡ ಕಾರ್ಖಾನೆಗಳಲ್ಲಿ ಕೈ ಪಳಗಿಸಿಕೊಂಡ ಅನೇಕರು ತರುವಾಯ ಪೀಣ್ಯದಲ್ಲಿ ಒಂದೊಂದು ಶೆಡ್ಡು ಹಿಡಿದು, ಒಂದೆರಡು ಲೇತ್ ಯಂತ್ರಗಳನ್ನು ಹೂಡಿ, ಸ್ವತಂತ್ರರಾದರು. ಗೇರು ಕೊರೆಯುವವರು, ಅಚ್ಚು ಮಾಡುವವರು, ಎರಕ ಹೊಯ್ಯುವವರು ಅಲ್ಲಿ ಬೀದಿ ಬೀದಿಗೂ ಇರುವರು. ಶೆಡ್ಡಿನ ಯಜಮಾನನೇ ಬೆಳಿಗ್ಗೆ ಟರ್ನರನು, ಮಧ್ಯಾಹ್ನ ಗುಮಾಸ್ತನು, ಸಂಜೆ ಬಿಲ್ಲು ಹಿಡಿದು ಅಲೆಯುವ ವಸೂಲಿಗಾರನು! ಅವನ ಭಾರವನ್ನು ಹೊರಗಿನವರು ಅರಿಯರು. ಎಷ್ಟೋ ಸಲ ಮನೆಯವರೂ ಅರಿಯರು.

ಇಂಥವನನ್ನು ಕಾಡುವ ಮೊದಲನೆಯ ಶತ್ರುವು ಸಂಕೋಚ. ಮಾಡಿಕೊಟ್ಟ ಕೆಲಸಕ್ಕೆ ಹಣ ಕೇಳಿದರೆ ಲೋಭಿಯೆಂದಾರು, ಮುಂದಿನ ಆರ್ಡರು ತಪ್ಪೀತು ಎಂದು ಅವನು ಬಾಯಿ ಮುಚ್ಚಿಕೊಳ್ಳುವನು. ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಚರಿತ್ರೆಯನ್ನು ಸ್ಮರಿಸಬೇಕು. ಪತಿ ಮಾರಯ್ಯನವರು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತರಲು, ಆ ತಾಯಿಯು ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಹೇಳಿದರಷ್ಟೆ. ಇದರಿಂದ ಅತಿಯಾಸೆ ಕೂಡದೆಂಬ ನೀತಿಯನ್ನು ಎಲ್ಲರೂ ಗ್ರಹಿಸುವರು. ಆದರೆ ನಿತ್ಯದ ಅಳತೆಯ ಅಕ್ಕಿಯನ್ನು ಆ ದಂಪತಿಗಳು ಬಿಟ್ಟುಕೊಡಲಿಲ್ಲವೆಂಬುದನ್ನೂ ಗಮನಿಸಬೇಕು. ಅದನ್ನು ಬಿಟ್ಟಿದ್ದರೆ ಜಂಗಮ ದಾಸೋಹವು ನಿಂತುಹೋಗುತ್ತಿದ್ದಿತು. ಸಲ್ಲದ್ದನ್ನು ಕೊಳ್ಳುವುದು ಹೇಗೆ ದೋಷವೋ, ಸಲ್ಲತಕ್ಕುದನ್ನು ಕೇಳದೆ ಆಳುಗಳ ಕೂಲಿಯನ್ನು ತಡೆಹಿಡಿಯುವುದೂ ಹಾಗೆಯೇ ದೋಷವು.

ಲೆಕ್ಕದಿಂದ ನೋಡಿದರೆ ಇದು ಇನ್ನೂ ಸ್ಪಷ್ಟವಾಗುವುದು. ಒಂದು ಲಕ್ಷ ರೂಪಾಯಿಗಳ ಕೆಲಸದಲ್ಲಿ ಲೋಹ, ಕೂಲಿ, ಬಾಡಿಗೆ, ವಿದ್ಯುತ್ತು ಇವುಗಳಿಗೆ 92,000 ಹೋಗಿ 8,000 ಉಳಿಯುವುದೆಂದು ಇಟ್ಟುಕೊಳ್ಳೋಣ. ಆ 92,000ವನ್ನು ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿಯಂತೆ ಸಾಲ ತಂದಿದ್ದರೆ, ತಿಂಗಳ ಬಡ್ಡಿ 1,840. ಗಿರಾಕಿಯು ಐದು ತಿಂಗಳು ಹಣ ತಡೆದರೆ ಬಡ್ಡಿಯೇ 9,200 ಆಗಿ, ದುಡಿಮೆಯೆಲ್ಲ ನಷ್ಟಕ್ಕೆ ತಿರುಗುವುದು. ಆದುದರಿಂದಲೇ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯಿದೆಯು, ಸೂಕ್ಷ್ಮ ಹಾಗೂ ಸಣ್ಣ ಉದ್ಯಮಿಗಳಿಗೆ ಸಲ್ಲಬೇಕಾದ ಹಣದ ವಾಯಿದೆಯು ಕರಾರಿನಲ್ಲಿಯೂ 45 ದಿನಗಳನ್ನು ಮೀರಕೂಡದೆಂದು ವಿಧಿಸಿತು. ಮೀರಿದರೆ ರಿಸರ್ವ್ ಬ್ಯಾಂಕಿನ ದರದ ಮೂರರಷ್ಟು ಚಕ್ರಬಡ್ಡಿಯನ್ನೂ ಗೊತ್ತುಪಡಿಸಿತು. ನ್ಯಾಯವು ಕೊಟ್ಟ ಹಕ್ಕನ್ನು ವಿನಯದಿಂದ, ಬರಹದ ಮೂಲಕ ಕೇಳುವುದರಲ್ಲಿ ನಾಚಿಕೆಯೇಕೆ?

ಎರಡನೆಯ ಶತ್ರುವು ಮುಚ್ಚುಮರೆ. ನಷ್ಟವಾದಾಗ ಲೆಕ್ಕದ ಪುಸ್ತಕವನ್ನು ತೆರೆಯದಿರುವುದು, ಹೆಂಡತಿಗೆ ಹೇಳದಿರುವುದು, ಹಳೆಯ ಸಾಲ ತೀರಿಸಲು ಹೊಸ ಸಾಲ ಮಾಡುವುದು, ಇವು ಒಂದರ ಹಿಂದೆ ಒಂದು ಬರುವ ಮೆಟ್ಟಿಲುಗಳು. 2020ರ ಮಾರ್ಚಿಯಲ್ಲಿ ಮಹಾಮಾರಿಯ ನಿಮಿತ್ತ ದೇಶವೆಲ್ಲ ಬಾಗಿಲು ಮುಚ್ಚಿದಾಗ ಪೀಣ್ಯದ ಯಂತ್ರಗಳೂ ಸ್ತಬ್ಧವಾದುವು. ಅದು ಯಾವ ಒಬ್ಬ ಯಜಮಾನನ ತಪ್ಪೂ ಆಗಿರಲಿಲ್ಲ. ಕಾಲದಿಂದ ಬಂದ ಕಷ್ಟ ಯಾವುದು, ತನ್ನ ಅಜಾಗ್ರತೆಯಿಂದ ಬಂದುದು ಯಾವುದು ಎಂದು ವಿಂಗಡಿಸಿದವನಿಗೆ ಧೈರ್ಯವು ತಾನಾಗಿ ಬರುವುದು. ವಾರಕ್ಕೊಮ್ಮೆ ಲೆಕ್ಕವನ್ನು ಮನೆಯವರ ಮುಂದಿಟ್ಟು ಓದತಕ್ಕದ್ದು. ಮನೆಯ ಖರ್ಚನ್ನೂ ಶೆಡ್ಡಿನ ಖರ್ಚನ್ನೂ ಬೆರಸಲಾಗದು. ಒಬ್ಬನೇ ಗಿರಾಕಿಯನ್ನು ನೆಚ್ಚಿ ಕೂರಲಾಗದು. ಅಸಲಿಗಿಂತ ಕಡಿಮೆಗೆ ಕೆಲಸ ಹಿಡಿಯಲಾಗದು.

ಇಷ್ಟಾದರೂ ಕೆಲವೊಮ್ಮೆ ಬಾಗಿಲು ಮುಚ್ಚಬೇಕಾಗಿ ಬರುವುದುಂಟು. ಆಗ ಪ್ರಾಣವೇ ಬೇಡವೆನ್ನುವಷ್ಟು ಕುಗ್ಗುವವರಿರುವರು. ಅಂಥವರು ಇದನ್ನು ನೆನೆಯಲಿ: ಬೆಂಗಳೂರಿನಲ್ಲಿ 1961ರಿಂದ ಕೈಗಡಿಯಾರಗಳನ್ನು ಮಾಡಿ ದೇಶದಲ್ಲೆಲ್ಲ ಹೆಸರಾದ ಎಚ್.ಎಂ.ಟಿ.ಯ ಗಡಿಯಾರ ಸಂಸ್ಥೆಯನ್ನೇ ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರವು ಒಪ್ಪಿತು. ಅಷ್ಟು ದೊಡ್ಡ ಮರವೇ ಉರುಳಿತು. ಆದರೂ ಅಲ್ಲಿ ಕಲಿತವರ ಕೈಯ ಕುಶಲತೆಯು ಉರುಳಲಿಲ್ಲ. ಶೆಡ್ಡು ಬೇರೆ, ಕಾಯಕ ಬೇರೆ. ಶೆಡ್ಡನ್ನು ಕಳೆದುಕೊಂಡವನು ಇನ್ನೊಬ್ಬರಲ್ಲಿ ದುಡಿದರೂ ಅವನ ಕಾಯಕವು ಕಿರಿದಾಗದು. ಸಾಲದ ಬಾಧೆಯಿಂದ ನಿದ್ರೆಗೆಟ್ಟವನು ಆ ರಾತ್ರಿಯೇ ಮನೆಯವರೊಡನಾಗಲಿ ಗೆಳೆಯನೊಡನಾಗಲಿ ಬಾಯಿ ಬಿಡಲಿ. ಅಂಥವನನ್ನು ಹಂಗಿಸದೆ ಕೂಡಿಸಿಕೊಂಡು ಅವನ ಲೆಕ್ಕವನ್ನು ಸಾವಧಾನವಾಗಿ ಕೇಳುವುದೂ ನೆರೆಯವರಿಗೆ ದಾಸೋಹವೇ ಆಗಿದೆ.

ದುಡಿದುದಕ್ಕೆ ಸಂದ ಹಣ, ಆಳಿಗೆ ಸಂದ ಕೂಲಿ, ಮನೆಯವರಿಗೆ ಸಂದ ಸತ್ಯ, ಈ ಮೂರೂ ಸರಿಯಾಗಿ ಸಲ್ಲುವಲ್ಲಿ ಭಯಕ್ಕೆ ಎಡೆಯಿಲ್ಲ. ಇಂಥ ನಿರ್ಭಯವಾದ ಕಾಯಕವು ಸಕಲ ಸದ್ಭಕ್ತರಿಗೂ ಲಭಿಸಲಿ.

ಶುಭಮಸ್ತು.