ಕೊಡಲಿಗೆ ಕಾವು ಹಾಕಿಕೊಟ್ಟ ಪ್ರವಾದಿ(ಸ)

ಸರ್ವಸ್ತುತಿ ಅಲ್ಲಾಹನಿಗೆ. ಅಂತ್ಯಪ್ರವಾದಿ ಮುಹಮ್ಮದ್(ಸ)ರ ಮೇಲೆ ಸಲಾತ್ ಮತ್ತು ಸಲಾಮ್.



ಅನ್ಸಾರಿಯೊಬ್ಬರು ಪ್ರವಾದಿ(ಸ)ರ ಬಳಿ ಬಂದು ನೆರವು ಬೇಡಿದರು. ಮನೆಯಲ್ಲಿ ಏನೂ ಇಲ್ಲವೇ ಎಂದು ಪ್ರವಾದಿ(ಸ) ವಿಚಾರಿಸಿದರು. ಹೊದೆಯಲೂ ಹಾಸಲೂ ಆಗುವ ಒಂದು ಬಟ್ಟೆ ಮತ್ತು ನೀರು ಕುಡಿಯುವ ಒಂದು ಬಟ್ಟಲು ಇದ್ದವು. ಅವನ್ನು ತರಿಸಿ ಹರಾಜು ಹಾಕಿದಾಗ 2 ದಿರ್ಹಮ್ ಬಂತು. ಒಂದರಲ್ಲಿ ಮನೆಗೆ ಆಹಾರ, ಇನ್ನೊಂದರಲ್ಲಿ ಕೊಡಲಿ ಕೊಳ್ಳಲು ಹೇಳಿದರು. ಆ ಕೊಡಲಿಗೆ ಪ್ರವಾದಿ(ಸ) ತಮ್ಮ ಕೈಯಾರೆ ಕಾವು ಹಾಕಿದರು. ಸೌದೆ ಕಡಿದು ಮಾರಲು ತಿಳಿಸಿ, 15 ದಿನ ಇತ್ತ ಬರಬಾರದೆಂದು ಕಳುಹಿಸಿದರು. ಮರಳಿ ಬಂದಾಗ ಆ ಸಹಾಬಿಯ ಕೈಯಲ್ಲಿ 10 ದಿರ್ಹಮ್ ಇತ್ತು. ಅಬೂದಾವೂದ್‌ರ ಹದೀಸ್ ಸಂಗ್ರಹದಲ್ಲಿ ಈ ಘಟನೆಯಿದೆ.

ಸಂಸಾರಸ್ಥನಿಗೆ ಕೆಲಸ ಕಲಿಸುವ ಕ್ರಮವೂ ಇದರಲ್ಲಿದೆ. ಮೊದಲು ಮನೆಯ ಹಸಿವು ನೀಗಬೇಕು. ಆಮೇಲೆ ಉಪಕರಣ ಬೇಕು, ತಿಳಿದವರ ಸಹಾಯ ಬೇಕು, ನಿಗದಿತ ಅವಧಿಯೂ ಬೇಕು.

ಸಹೋದರರೇ, ಅಲ್ಲಾಹನು ದಾವೂದ್(ಅ)ರಿಗೆ ಕಬ್ಬಿಣವನ್ನು ಮೃದುಗೊಳಿಸಿಕೊಟ್ಟನು. ಕವಚದ ಕೊಂಡಿಗಳನ್ನು ಅಳತೆ ತಪ್ಪದಂತೆ ಜೋಡಿಸಲು ಆಜ್ಞಾಪಿಸಿದನು. ಪವಿತ್ರ ಕುರ್‌ಆನಿನ ಸಬಾ ಅಧ್ಯಾಯದಲ್ಲಿ ಇದನ್ನು ನಾವು ಓದುತ್ತೇವೆ. ನಮ್ಮ ಜನರಿಗೆ ಕೊರತೆಯಾಗಿರುವುದು ಈ ಅಳತೆಯ ವಿದ್ಯೆಯೇ. ಶಹಾಬಾದಿನ ಹಾಸುಗಲ್ಲು ನಾಡಿನ ಮನೆ ಮನೆಯಲ್ಲಿದೆ. ವಾಡಿ ಮತ್ತು ಸೇಡಂನಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ, ಚಿತ್ತಾಪುರದಲ್ಲಿ ಕಲ್ಲುಗಣಿಗಳಿವೆ, ಚಿಂಚೋಳಿಯ ತೊಗರಿ ಹೊಲಗಳಲ್ಲಿ ಟ್ರ್ಯಾಕ್ಟರು, ಪಂಪ್‌ಸೆಟ್ಟುಗಳಿವೆ. ದುಡಿಯುವ ಕೈಗಳಲ್ಲಿ ನಮ್ಮವೂ ಇವೆ. ಆದರೆ ವರ್ಷಗಟ್ಟಲೆ ವೆಲ್ಡಿಂಗ್ ಮಾಡಿದವನೂ ನಕ್ಷೆ ಓದಲು ಬಾರದೆ ಹೆಲ್ಪರ್ ಆಗಿಯೇ ಉಳಿಯುತ್ತಾನೆ. ಹೊಸ ಯಂತ್ರ ಬಂದಾಗ ಮೊದಲು ಕೆಲಸ ಕಳೆದುಕೊಳ್ಳುವವನೂ ಅವನೇ. ಅರ್ಥಿಂಗ್ ತಿಳಿಯದ ವೈರ್‌ಮನ್, ಮೂಗಿಗೆ ಮಾಸ್ಕ್ ಇಲ್ಲದೆ ಕಲ್ಲು ಕೊಯ್ಯುವವನು ಕೂಲಿಯ ಜೊತೆಗೆ ಪ್ರಾಣವನ್ನೂ ಪಣಕ್ಕಿಡುತ್ತಿದ್ದಾರೆ.

ಈ ವಯಸ್ಸಿನಲ್ಲಿ ಕಲಿಯುವುದೇನು ಎಂಬ ಸಂಕೋಚ ಬಿಡಬೇಕು. ದೊಡ್ಡವರಿಗೆ ಮಕ್ಕಳಂತೆ ಅ, ಆ ಎಂದು ಕಲಿಸಬೇಕಿಲ್ಲ. ಅವರಿಗೆ ಗೊತ್ತಿರುವ ಕೆಲಸದಿಂದಲೇ ಶುರುಮಾಡಬಹುದು. ವೆಲ್ಡಿಂಗ್ ರಾಡಿನ ಪೊಟ್ಟಣದ ಮೇಲಿರುವ 3.15 ಎಂಬುದು ಮಿಲಿಮೀಟರಿನಲ್ಲಿ ಆ ರಾಡಿನ ದಪ್ಪ. ಅದೇ ಅಂಕಿಯಿಂದ ದಶಮಾಂಶ, ಟೇಪಿನಿಂದ ಅಳತೆ, ತಾನೇ ಮಾಡಿದ ಕಿಟಕಿಯ ಗ್ರಿಲ್ಲಿನಿಂದ ನಕ್ಷೆ ಕಲಿಯಬಹುದು. ಕಾರ್ಮಿಕರ ಕಲಿಕೆಗೆಂದೇ 1967ರಲ್ಲಿ ಮುಂಬೈಯಲ್ಲಿ ಶ್ರಮಿಕ ವಿದ್ಯಾಪೀಠ ಆರಂಭವಾಯಿತು. ಇಂದಿನ ಜನ ಶಿಕ್ಷಣ ಸಂಸ್ಥಾನಗಳು ಅದರ ಮುಂದುವರಿಕೆ.

2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆ, ಬಡಗಿತನ, ಗಾರೆ ಕೆಲಸ, ಕಲ್ಲು ಒಡೆಯುವುದು, ಬೀಗ ರಿಪೇರಿ, ಹೊಲಿಗೆ ಸೇರಿವೆ. ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು ಅದರಲ್ಲಿದೆ. ಹೊಲಿಗೆ ಬಲ್ಲ ಸಹೋದರಿಯರೂ ವಿಚಾರಿಸಲಿ. ಅದರ ಸಾಲಕ್ಕೆ ಬಡ್ಡಿಯಿದೆ. ಸಾಲ ಪಡೆಯದೆಯೂ ತರಬೇತಿ ಪಡೆಯಬಹುದು. ಸಾಲದ ಅಗತ್ಯವಿದ್ದವರಿಗೆ ಕರ್ಝೆ ಹಸನ ಕೊಡುವುದು ನಮ್ಮ ಉಳ್ಳವರ ಹೊಣೆ. ಕುಶಲಕರ್ಮಿಗೆ ಕಸುಬಿನ ಉಪಕರಣ ಕೊಳ್ಳುವಷ್ಟು ಝಕಾತ್ ಕೊಡಬಹುದೆಂದು ಇಮಾಮ್ ನವವಿ(ರ) ಬರೆದಿದ್ದಾರೆ.

ಪ್ರತಿ ಮಹಲ್ಲಾದಲ್ಲಿ ವಾರಕ್ಕೆ ಎರಡು ರಾತ್ರಿ, ಇಶಾ ನಮಾಝಿನ ಬಳಿಕ ಒಂದು ಗಂಟೆ ಮೀಸಲಿಡೋಣ. ನಿವೃತ್ತ ಫಿಟ್ಟರ್, ಎಲೆಕ್ಟ್ರಿಷಿಯನ್, ಟರ್ನರ್‌ಗಳು ತಮ್ಮ ಬಿಡುವನ್ನು ಸದಕವಾಗಿ ನೀಡಲಿ. ಮನುಷ್ಯ ತೀರಿಕೊಂಡ ಮೇಲೂ ಅವನಿಗೆ ಪ್ರತಿಫಲ ತರುವ ಮೂರು ವಿಷಯಗಳಲ್ಲಿ ಪ್ರಯೋಜನಕಾರಿ ಜ್ಞಾನವೂ ಒಂದೆಂದು ಪ್ರವಾದಿ(ಸ) ಕಲಿಸಿದ್ದಾರೆ.

ಅಲ್ಲಾಹನು ನಮ್ಮ ಕೈಗಳಿಗೆ ಕೌಶಲವನ್ನೂ ದುಡಿಮೆಗೆ ಬರಕತ್ತನ್ನೂ ದಯಪಾಲಿಸಲಿ, ಮನೆಯಿಂದ ಹೊರಟ ಪ್ರತಿಯೊಬ್ಬ ಕಾರ್ಮಿಕನನ್ನು ಸಂಜೆ ಸುರಕ್ಷಿತವಾಗಿ ಮಕ್ಕಳ ಬಳಿಗೆ ಮರಳಿಸಲಿ. ಆಮೀನ್.